ಐಸ್ ಕಟ್ಟಿದ ಮೊಣಕಾಲು

ನನ್ನ ತಂಗಿ ಫೋನ್ ಮಾಡಿ, ನೀನು ಕಣ್ಣಾರೆ ಕಂಡಿದ್ದನ್ನು ನಮ್ಮ ಎಡಿಟರಿಗೆ ಒಂದು ಸಲ ಹೇಳು ಸಾಕು ಎಂದು ಕೇಳಿಕೊಂಡಾಗ ನಾನು ಹೇಳಲಿಲ್ಲ. ಕಂಡಿದ್ದೆ, ಹತ್ತಿರದಿಂದಲೇ ಕಂಡಿದ್ದೆ. ಆದರೂ ನನಗೆ ಅದೆಲ್ಲ ಗೊತ್ತಿಲ್ಲ, ನಾನು ಅಡುಗೆ ಮಾಡಲು ಹೋದವಳು ಎಂದು ಫೋನ್ ಇಟ್ಟೆ. ಹೆದರಿಕೆಯಾಯಿತು, ಅದಕ್ಕೇ ಹಾಗೆ ಹೇಳಿದೆ ಎಂದು ಆಮೇಲೆ ಗಂಡನ ಹತ್ತಿರ ಹೇಳಿಕೊಂಡೆ. ಅದು ಸುಳ್ಳು. ಅಮೆರಿಕದ ಕೆಂಟ್‌ನಲ್ಲಿ ಕೂತಿರುವ ನನಗೆ ಮಲೇಶಿಯಾದ ಕ್ರೀಡಾ ಸಂಘದವರು ಏನು ಮಾಡಿಯಾರು? ನಾನು ಹಾಗೆ ಹೇಳಿದ್ದು ಹೊಟ್ಟೆಕಿಚ್ಚಿನಿಂದ.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ನಾವು ನಂಜನಗೂಡಿನವರು. ಅಪ್ಪನಿಗೆ ಸೈಕಲ್ ಶಾಪ್ ಇತ್ತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೂ ಇಂಗ್ಲಿಷಿಗೂ ಫೇಲಾದೆ. ಇನ್ನೊಂದು ಸಲ ಪರೀಕ್ಷೆ ಕಟ್ಟು ಎಂದು ಅಪ್ಪ ಎಷ್ಟೋ ಹೇಳಿದರು. ನಾನೇ ಕಟ್ಟಲಿಲ್ಲ. ಆದರೆ ವರ್ಷಗಳು ಹೋದ ಹಾಗೆ ನೆಂಟರ ಬಾಯಲ್ಲಿ ಈ ಕತೆ ಬೇರೆಯಾಯಿತು. ತಂಗಿ ಓದಲಿ ಎಂದು ದೊಡ್ಡವಳು ಓದು ಬಿಟ್ಟಳಂತೆ ಎಂದು ಜನ ಹೇಳತೊಡಗಿದರು. ನಾನು ಅದನ್ನು ತಿದ್ದಲಿಲ್ಲ. ಕೇಳಿ ಕೇಳಿ ನನಗೇ ಅದು ನಿಜವೆನಿಸಿ, ಅವಳು ಓದಿದ ಒಂದೊಂದು ಪುಸ್ತಕದಲ್ಲೂ ನನ್ನ ಪಾಲಿದೆ ಎಂಬ ಹಾಗೆ ಇದ್ದುಬಿಟ್ಟೆ.

ಅವಳು ಮೈಸೂರಿನಲ್ಲಿ ಓದಿ ಪತ್ರಿಕೆಗೆ ಸೇರಿದಳು. ಆಟದ ಪುಟಕ್ಕೆ ಬರೆಯುತ್ತಿದ್ದಳು. ಒಂದು ಬ್ಯಾಡ್ಮಿಂಟನ್ ಪಂದ್ಯಾವಳಿಯ ವರದಿಗೆಂದು ಕೌಲಾಲಂಪುರಕ್ಕೆ ಹೋದವಳು ಅಲ್ಲಿಯ ತಮಿಳು ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾಗಿ, ಅಲ್ಲಿಯದೇ ಒಂದು ಸಣ್ಣ ಸುದ್ದಿ ಜಾಲತಾಣದಲ್ಲಿ ಕೆಲಸಕ್ಕೆ ಸೇರಿದಳು. ಪಂದ್ಯಗಳ ಬಗ್ಗೆ ಅವಳು ಬರೆದದ್ದು ಕಡಿಮೆ. ಪಂದ್ಯ ನಡೆಸುವವರ ಬಗ್ಗೆ ಬರೆದದ್ದೇ ಹೆಚ್ಚು. ಸಂಘದ ಕುರ್ಚಿಗೆ ಅಂಟಿಕೊಂಡ ಅಧ್ಯಕ್ಷರು, ಆಟಗಾರರಿಗಿಂತ ಹೆಚ್ಚು ಮಂದಿ ಅಧಿಕಾರಿಗಳು ವಿದೇಶಕ್ಕೆ ಹೊರಡುವುದು, ಆಯ್ಕೆ ಮುಗಿದ ಮೇಲೆ ಪಟ್ಟಿ ಬದಲಾಗುವುದು, ಪ್ರಶ್ನೆ ಕೇಳಿದ ಕೋಚ್‌ಗೆ ಕೆಲಸ ಹೋಗುವುದು, ಇಂಥವು. ಅವಳು ಹೇಳುತ್ತಿದ್ದಳು, "ಅಕ್ಕ, ಇಲ್ಲಿ ಸಂಘದವ್ರನ್ನ ಎದುರು ಹಾಕ್ಕೊಂಡ್ರೆ ಪ್ರೆಸ್ ಮೀಟ್‌ಗೆ ಕರೆಯಲ್ಲ. ವಾಟ್ಸಾಪ್ ಗ್ರೂಪಿಂದ ತೆಗೀತಾರೆ. ಗ್ರೂಪಿಂದ ತೆಗೆದ್ರೆ ನಮ್ಗೆ ಸುದ್ದೀನೇ ಸಿಗಲ್ಲ. ಅದಕ್ಕೇ ಮಿಕ್ಕೋರು ಅವ್ರು ಕೊಟ್ಟಿದ್ದನ್ನೇ ಹಾಕ್ಕೊಂಡು ಸುಮ್ನಿರ್ತಾರೆ."

ನಾನು ಹೂಂ ಹೂಂ ಎನ್ನುತ್ತಿದ್ದೆ. ಒಳಗೊಳಗೆ ಉರಿಯುತ್ತಿತ್ತು.

ನನಗೆ ಇಂಗ್ಲಿಷ್ ಓದಲು ತಡವರಿಕೆ. ಮಗಳು ಫೋನಿನಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದ್ದಳು. ಇಂಗ್ಲಿಷ್ ಸುದ್ದಿಯನ್ನು ಅದು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದುತ್ತಿತ್ತು. ಸಂಘದ ಖಜಾಂಚಿ ರಾಜೀನಾಮೆ ಕೊಟ್ಟ ಸುದ್ದಿಯನ್ನೂ ಮದುವೆಯ ಕರೆಯೋಲೆ ಓದುವ ಧಾಟಿಯಲ್ಲಿ ಓದುವ ಹೆಂಗಸಿನ ದನಿ ಅದು. ದಿನಾ ಬೆಳಗ್ಗೆ ಕಾಫಿಗೆ ಮುಂಚೆ ತಂಗಿಯ ಹೆಸರು ಹಾಕಿ ಹುಡುಕುತ್ತಿದ್ದೆ. ಇವತ್ತು ಏನು ಬರೆದಿದ್ದಾಳೆ, ಎಷ್ಟು ಜನ ಕೆಳಗೆ ಬೈದಿದ್ದಾರೆ ಎಂದು ನೋಡುತ್ತಿದ್ದೆ. ಬೈದಿದ್ದರೆ ಅವತ್ತು ಕಾಫಿ ಸ್ವಲ್ಪ ಹೆಚ್ಚೇ ರುಚಿಸುತ್ತಿತ್ತು. ಹೊರಗಿನವರು ಯಾರಾದರೂ ನೋಡಿದ್ದರೆ, ತಂಗಿಯ ಮೇಲೆ ಅಕ್ಕನಿಗೆ ಎಷ್ಟು ಅಕ್ಕರೆ ಎಂದುಕೊಳ್ಳುತ್ತಿದ್ದರು.

ಅಮೆರಿಕಕ್ಕೆ ಬಂದವಳು ನಾನು. ನನ್ನ ಗಂಡ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ನಮಗೆ ಕೆಂಟ್‌ನಲ್ಲಿ ಸ್ವಂತ ಮನೆ ಇದೆ. ಇಷ್ಟಾದ ಮೇಲಾದರೂ ಮನೆಯ ಮಾತೆಲ್ಲ ನನ್ನ ಸುತ್ತ ತಿರುಗುತ್ತದೆ ಎಂದುಕೊಂಡಿದ್ದೆ. ಗೃಹಪ್ರವೇಶದ ದಿನ ವಿಡಿಯೋದಲ್ಲಿ ನೆಂಟರಿಗೆ ಅಡುಗೆಮನೆ ತೋರಿಸುತ್ತಿದ್ದರೆ ಚಿಕ್ಕಪ್ಪ, "ಮನೆ ಚೆನ್ನಾಗದೆ ಕಣವ್ವ. ಅದಿರ್ಲಿ, ನಮ್ ಚಿಕ್ಕೋಳು ಯಾವ್ದೋ ಮಂತ್ರೀನೇ ಪ್ರಶ್ನೆ ಕೇಳ್ಬುಟ್ಲಂತೆ?" ಎಂದರು. ನಾನು ಫೋನನ್ನು ಒಲೆಯ ಕಡೆಗೆ ತಿರುಗಿಸಿ, ಹಾಲು ಉಕ್ಕುತ್ತಿದೆ ಎಂದೆ. ಹಾಲು ಆಗಲೇ ಉಕ್ಕಿ ಆಗಿತ್ತು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ನಮ್ಮ ಮನೆಯಲ್ಲಿ ಹೊರಗಿನವರ ಮುಂದೆ ಮನೆಯ ಮಕ್ಕಳನ್ನು ಹೊಗಳುವ ರೂಢಿ ಇಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ. ಅದಕ್ಕೇ ಬಂದವರ ಎದುರಿಗೆ ಮಕ್ಕಳನ್ನು ಸ್ವಲ್ಪ ಹಳಿಯಬೇಕು. ತಂಗಿ ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ತಂದ ದಿನ ಅಮ್ಮ ಪಕ್ಕದ ಮನೆಯವರಿಗೆ, "ಅಯ್ಯೋ, ಅದ್ರಲ್ಲೇನಿದೆ, ನಮ್ ಚಿಕ್ಕೋಳು ಬರೀ ಕತೆ ಕಟ್ತಾಳೆ" ಎಂದಿದ್ದರು. ಹಾಗೆ ಹೇಳುವಾಗ ಅಮ್ಮನ ಮುಖ ನೋಡಿದ್ದರೆ ಯಾರಿಗೂ ತಪ್ಪು ತಿಳಿಯುತ್ತಿರಲಿಲ್ಲ. ತಂಗಿಯೂ ನಗುತ್ತಾ ಅಮ್ಮನ ಸೆರಗು ಹಿಡಿದುಕೊಂಡಿದ್ದಳು. ಆ ಮಾತನ್ನು ನಾನೂ ಕಲಿತುಕೊಂಡೆ. ಅಮ್ಮನ ಮುಖದಲ್ಲಿದ್ದದ್ದು ಮಾತ್ರ ನನ್ನ ಮುಖಕ್ಕೆ ಬರಲಿಲ್ಲ.

ನಾನು ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳಿಸುತ್ತೇನೆ. ಹತ್ತಿರದ ಊರು ಬೆಲ್ವ್ಯೂವಿನ ಆಫೀಸುಗಳ ಹುಡುಗರೇ ಹೆಚ್ಚು. ವಾರಕ್ಕೆ ಮೂರು ದಿನ ಸಾರು, ಹುಳಿ, ಪಲ್ಯ. ನಮ್ಮ ಮನೆಗೆ ಹತ್ತಿರದಲ್ಲೇ ಗೋದಾಮುಗಳ ಸಾಲಿನಲ್ಲಿ ಒಂದು ಬ್ಯಾಡ್ಮಿಂಟನ್ ಹಾಲ್ ಇದೆ. ಅದೂ ಮೊದಲು ಗೋದಾಮೇ. ಎತ್ತರದ ಛಾವಣಿ, ಹಸಿರು ನೆಲ, ಸದಾ ತಣ್ಣಗೆ. ಅಲ್ಲಿ ಪಂದ್ಯಾವಳಿ ಇದ್ದಾಗ ಮೂಲೆಯಲ್ಲಿ ಮೇಜು ಹಾಕಿಕೊಂಡು ಊಟ ಕೊಡಲು ಮಾಲೀಕರು ನನಗೆ ಹೇಳುತ್ತಾರೆ. ಹೋದ ವರ್ಷ ಬೇಸಿಗೆಯಲ್ಲಿ ಮಲೇಶಿಯಾದ ಒಂದು ರಾಜ್ಯದ ಕಿರಿಯರ ತಂಡ ಅಲ್ಲಿಗೆ ಬಂತು. ಮೊದಲು ಒಂದು ವಾರ ಅಭ್ಯಾಸ, ಆಮೇಲೆ ಪಂದ್ಯ. ತಂಡಕ್ಕೆ ಮಧ್ಯಾಹ್ನದ ಊಟ ನನ್ನದು.

ತಂಡದ ಮ್ಯಾನೇಜರ್ ಆ ಊರಿನ ತಮಿಳರು. ಐವತ್ತು ದಾಟಿದವರು, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ಡಬ್ಬಿಯ ಹುಡುಗರಿಂದ ನನಗೆ ಅಷ್ಟಿಷ್ಟು ತಮಿಳು ಬರುತ್ತಿತ್ತು. ಮೊದಲ ದಿನವೇ ಅವರು ಸಾರನ್ನು ಲೋಟದಲ್ಲಿ ಕುಡಿದು, "ಅಕ್ಕಾ, ಈ ಊರಲ್ಲಿ ಇಂಥ ರಸಂ ಸಿಗುತ್ತೆ ಅಂತ ಗೊತ್ತಿದ್ದಿದ್ರೆ ಪ್ರತಿ ವರ್ಷ ಬರ್ತಿದ್ದೆ" ಎಂದು ತಮಿಳಿನಲ್ಲಿ ಹೇಳಿದರು. ಮಾರನೆಯ ದಿನ ತಂಡದ ಜೆರ್ಸಿಯೊಂದನ್ನು ತಂದುಕೊಟ್ಟರು. ಅಧಿಕಾರಿಗಳ ಸಾಲಿನಲ್ಲಿ ನನಗೂ ಒಂದು ಕುರ್ಚಿ ಹಾಕಿಸಿದರು. ಜೆರ್ಸಿ ಹಾಕಿಕೊಂಡು ಆ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡೆ. ಫೋಟೋವನ್ನು ಮೊದಲು ಕಳಿಸಿದ್ದು ತಂಗಿಗೆ.

ಅವಳು ತಕ್ಷಣ ಫೋನ್ ಮಾಡಿದಳು. "ಏನಕ್ಕ, ಅವ್ರ ಪಕ್ಕದಲ್ಲಿ ಕೂತಿದೀಯ?"

"ಯಾಕೆ, ನಾನು ಕೂತ್ಕೋಬಾರ್ದಾ?"

"ಹಂಗಲ್ಲ. ಹುಷಾರಾಗಿರು. ಆ ಮನುಷ್ಯ ಮಾತಲ್ಲೇ ಮನೆ ಕಟ್ತಾನೆ."

"ನಿಂಗೆ ಎಲ್ರೂ ಕಳ್ರೇ" ಎಂದೆ. ಅವಳು ನಕ್ಕಳು. ತಂಡದಲ್ಲಿರುವ ಒಬ್ಬ ಹುಡುಗಿಯ ಬಗ್ಗೆ ಆಗ ಹೇಳಿದಳು. ಅವಳ ಅಪ್ಪ ಲಾರಿ ಡ್ರೈವರ್. ಸಂಘದ ಹಾಸ್ಟೆಲಿನಲ್ಲಿ ಹುಡುಗಿಯರು ಮಲಗುವ ಕೋಣೆಗೆ ಬಾಗಿಲ ಚಿಲಕವೇ ಇಲ್ಲವೆಂದು ಅವನು ತಂಗಿಗೆ ಹೇಳಿದ್ದ. ಅದು ಸುದ್ದಿಯಾಗಿತ್ತು. ಸಂಘದವರಿಗೆ ಅವಮಾನವಾಗಿ ಚಿಲಕ ಹಾಕಿಸಿದ್ದರು. "ಚೆನ್ನಾಗಿ ಆಡ್ತಾಳೆ ಅಕ್ಕ. ಅಲ್ಲಿ ಗೆದ್ರೆ ಇಲ್ಲಿಯ ದೊಡ್ಡ ತರಬೇತಿ ಕೇಂದ್ರಕ್ಕೆ ಸೇರಿಸ್ಕೋತಾರೆ. ಅವಳು ಮೊಸರನ್ನ ಕೇಳಿದ್ರೆ ಒಂದು ಸೌಟು ಜಾಸ್ತಿ ಹಾಕು" ಎಂದಳು.

ಹುಡುಗಿ ನಿಜವಾಗಿಯೂ ಮೊಸರನ್ನವನ್ನೇ ಕೇಳಿದಳು. ಮಾತು ಕಡಿಮೆ. ಉಂಡ ತಟ್ಟೆಯನ್ನು ಎಲ್ಲರ ಹಾಗೆ ಬಿಟ್ಟು ಹೋಗದೆ ಕಸದ ಬುಟ್ಟಿಗೆ ಹಾಕಿ ಬರುತ್ತಿದ್ದಳು.

ಪಂದ್ಯಕ್ಕೆ ಹಿಂದಿನ ದಿನ ಊಟ ಬಡಿಸುತ್ತಾ ಇದ್ದಾಗ ಮ್ಯಾನೇಜರ್ ಹತ್ತಿರ, ನಿಮ್ಮ ಊರಿನಲ್ಲಿ ನನ್ನ ತಂಗಿ ಇದ್ದಾಳೆ, ಸುದ್ದಿ ಬರೆಯುತ್ತಾಳೆ ಎಂದೆ. ಯಾಕೆ ಹೇಳಿದೆನೋ. ಅವಳ ಹೆಸರಿನಿಂದ ನನಗೂ ಸ್ವಲ್ಪ ಮರ್ಯಾದೆ ಸಿಗಲಿ ಎಂದಿರಬೇಕು. ಹೆಸರು ಕೇಳಿದೊಡನೆ ಅವರ ಕೈಯಲ್ಲಿದ್ದ ಹಪ್ಪಳ ತಟ್ಟೆಗೆ ಹಿಂದಿರುಗಿತು.

"ಅವರಾ? ಅವರು ನಿಮ್ಮ ತಂಗಿಯಾ? ನಂಬೋಕೇ ಆಗಲ್ಲ ಅಕ್ಕಾ. ನೀವು ಇಷ್ಟು ಒಳ್ಳೆಯವರು. ಅವರು ನಮ್ಮ ಮೇಲೆ ಬರೆದಿದ್ದು ಒಂದಾ ಎರಡಾ."

ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ ನನ್ನನ್ನು ಒಳ್ಳೆಯವಳು ಎಂದ ಮೊದಲ ಮನುಷ್ಯ ಅವರು. ಆಗ ಬಾಯಿಗೆ ಬಂದದ್ದು ಅಮ್ಮನ ಮಾತು. "ಅಯ್ಯೋ ಬಿಡಿ ಸಾರ್. ಅವಳು ಚಿಕ್ಕಂದಿನಿಂದ್ಲೂ ಹಂಗೇ. ಬರೀ ಕತೆ ಕಟ್ತಾಳೆ."

ಅವರು ಜೋರಾಗಿ ನಕ್ಕರು. ಪಕ್ಕದಲ್ಲಿದ್ದ ಇನ್ನಿಬ್ಬರು ಅಧಿಕಾರಿಗಳಿಗೆ ಅದನ್ನು ಅವರ ಭಾಷೆಯಲ್ಲಿ ಹೇಳಿದರು. ಅವರೂ ನಕ್ಕರು. ನಾನೂ ನಕ್ಕೆ. ಇನ್ನೊಂದು ಸೌಟು ಸಾರು ಹಾಕಿದೆ.

ಮಾರನೆಯ ದಿನ ಬೆಳಗ್ಗೆ ಅನ್ನದ ಕುಕ್ಕರ್ ಜೋಡಿಸಲು ಬೇಗ ಹೋಗಿದ್ದೆ. ಕೊನೆಯ ಅಂಕಣದಲ್ಲಿ ಆ ಹುಡುಗಿ ಒಬ್ಬ ಹುಡುಗನ ಜೊತೆ ಅಭ್ಯಾಸ ಮಾಡುತ್ತಿದ್ದಳು. ನಾನು ಬೇಳೆ ಪಾತ್ರೆ ಇಳಿಸಿ, ತಟ್ಟೆ ಜೋಡಿಸಿ, ಮಜ್ಜಿಗೆ ಕಡೆಯುವಷ್ಟು ಹೊತ್ತು ಅವಳು ಹಾರಿ ಹಾರಿ ಹೊಡೆದಳು. ಆಟ ನನಗೆ ತಿಳಿಯದು. ಕಾಲು ನೋಯುವವರು ಹಾಗೆ ಹಾರುವುದಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಅವಳು ಬೆವರು ಒರೆಸಿಕೊಂಡು ಬಂದು ಬೆಂಚಿನ ಮೇಲೆ ಕೂತಳು. ಆಗ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಸ್ವಲ್ಪ ಐಸ್ ಕೊಡಿ, ಒಂದು ಬಟ್ಟೆನೂ ಕೊಡಿ" ಎಂದರು. ಮಜ್ಜಿಗೆ ತಣ್ಣಗಿರಲೆಂದು ತಂದಿದ್ದ ಐಸನ್ನು ಕೆಂಪು ಚೌಕಳಿಯ ಅಡುಗೆ ಬಟ್ಟೆಯಲ್ಲಿ ಹಾಕಿಕೊಟ್ಟೆ. ಯಾರಿಗಾದರೂ ಪೆಟ್ಟಾಯಿತೇನೋ ಎಂದು ಹಿಂದೆಯೇ ಹೋದೆ. ಅವರು ಅದನ್ನು ಹುಡುಗಿಯ ಮೊಣಕಾಲಿಗೆ ಕಟ್ಟಿದರು. ಹುಡುಗಿ ಅವರ ಭಾಷೆಯಲ್ಲಿ ಏನೋ ಕೇಳಿದಳು. ಅವರು ಕಾಲು ಮುಂದಕ್ಕೆ ಚಾಚುವಂತೆ ಸನ್ನೆ ಮಾಡಿ ಫೋಟೋ ತೆಗೆದುಕೊಂಡರು. ಆಮೇಲೆ ಬಟ್ಟೆ ಬಿಚ್ಚಿ ನನಗೆ ವಾಪಸ್ ಕೊಟ್ಟರು. ಐಸು ಕರಗಲು ಶುರುವಾಗಿರಲೂ ಇಲ್ಲ. ಅದನ್ನು ಚೆಲ್ಲಿ ಬಟ್ಟೆಯನ್ನು ಹಿಂಡದೆಯೇ ಮಡಚಿಟ್ಟೆ.

ಪಂದ್ಯ ಶುರುವಾದಾಗ ಆ ಹುಡುಗಿಯ ಜಾಗದಲ್ಲಿ ಬೇರೊಬ್ಬಳು ಆಡಿದಳು. ಸಂಘದ ಸಮಿತಿಯಲ್ಲಿರುವ ಒಬ್ಬರ ಅಣ್ಣನ ಮಗಳಂತೆ. ಲಾರಿ ಡ್ರೈವರನ ಮಗಳು ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದು ಮೊಸರನ್ನದ ತಟ್ಟೆ ಹಿಡಿದು ನಿಂತಳು. ತಿನ್ನಲಿಲ್ಲ. "ಆಂಟಿ, ಮೈ ಲೆಗ್ ಓಕೆ" ಎಂದಳು. ಅಷ್ಟೇ ಹೇಳಿದಳು. ನಾನು ಉಪ್ಪಿನಕಾಯಿ ಬೇಕೇ ಎಂದು ಕೇಳಿದೆ.

ತಂಡ ವಾಪಸ್ ಹೋದ ಮೇಲೆ ತಂಗಿ ಬರೆದ ಸುದ್ದಿ ಬಂತು. ಆಡಲು ಗಟ್ಟಿಯಾಗಿದ್ದ ಹುಡುಗಿಯನ್ನು, ಅವಳ ಅಪ್ಪ ಬಾಯಿ ಬಿಟ್ಟ ಸಿಟ್ಟಿಗೆ ಆಡಿಸಲಿಲ್ಲ ಎಂದು. ಅಪ್ಪನ ಹೇಳಿಕೆ ಇತ್ತು, ಹುಡುಗಿಯ ಮಾತಿತ್ತು. ಸಂಘದವರು ಪ್ರತಿಕ್ರಿಯೆ ಕೊಡಲಿಲ್ಲ ಎಂದೂ ಬರೆದಿದ್ದಳು. ಫೋನಿನ ಹೆಂಗಸು ಅದನ್ನು ಓದಿ ಮುಗಿಸಿದಾಗ ನನಗೆ ಅನ್ನಿಸಿದ್ದು ಒಂದೇ. ನಾನು ಕಣ್ಣಿನಿಂದ ಕಂಡಿದ್ದನ್ನು ಅವಳು ಸಮುದ್ರದ ಆಚೆ ಕೂತು ನನಗಿಂತ ಚೆನ್ನಾಗಿ ಹೇಳಿಬಿಟ್ಟಳು.

ಎರಡು ದಿನದಲ್ಲಿ ಸಂಘದವರು ಪತ್ರಕರ್ತರನ್ನು ಕರೆದರು. ತಂಗಿಯನ್ನು ಕರೆಯಲಿಲ್ಲ. ಮ್ಯಾನೇಜರ್ ಎಲ್ಲರಿಗೂ ಒಂದು ಫೋಟೋ ಹಂಚಿದರು. ಬೇರೆ ಬೇರೆ ತಾಣಗಳಲ್ಲಿ ಅದನ್ನು ನೋಡಿದೆ. ಹುಡುಗಿಯ ಮೊಣಕಾಲು, ಅದರ ಮೇಲೆ ಐಸು, ಐಸಿನ ಸುತ್ತ ನನ್ನ ಅಡುಗೆ ಬಟ್ಟೆ. ಅದರ ಕೆಳಗೆ ಮ್ಯಾನೇಜರ್ ಮಾತು. ಗಾಯಗೊಂಡ ಮಗುವನ್ನು ಕಾಪಾಡಿದ್ದೇ ತಪ್ಪಾಯಿತೇ? ಈ ವರದಿಗಾರ್ತಿಯ ಸ್ವಂತ ಅಕ್ಕ ಅಮೆರಿಕದಲ್ಲಿ ನಮಗೆ ಊಟ ಕೊಟ್ಟವರು. ಚಿಕ್ಕಂದಿನಿಂದಲೂ ಇವಳು ಕತೆ ಕಟ್ಟುತ್ತಾಳೆ ಎಂದು ಆ ಅಕ್ಕನೇ ನಮ್ಮ ಮುಂದೆ ಹೇಳಿದರು. ಒಂದು ತಾಣದವರು ಆ ಕೊನೆಯ ಮಾತನ್ನೇ ತಲೆಬರಹ ಮಾಡಿದ್ದರು. ಹುಡುಗಿಯ ಹಾಸ್ಟೆಲ್, ಚಿಲಕ, ಪಂದ್ಯ ಯಾವುದೂ ಅದರಲ್ಲಿರಲಿಲ್ಲ. ಅಕ್ಕ ತಂಗಿಯರ ಸುದ್ದಿಯೇ ಸುದ್ದಿಯಾಗಿತ್ತು.

ನಾನು ಹೆದರಬೇಕಿತ್ತು, ನಾಚಬೇಕಿತ್ತು. ಮೊದಲು ಬಂದ ಯೋಚನೆಯನ್ನು ಬರೆದುಬಿಡುತ್ತೇನೆ. ಕೊನೆಗೂ ಒಂದು ಸುದ್ದಿಯಲ್ಲಿ ನಾನೂ ಬಂದೆ ಎಂದುಕೊಂಡೆ.

ತಂಗಿಯ ಫೋನ್ ಬಂದದ್ದು ಆಗ. ನನಗೆ ಬೆಳಗ್ಗೆ, ಅವಳಿಗೆ ರಾತ್ರಿ. ದನಿ ಜೋರಿರಲಿಲ್ಲ.

"ಅಕ್ಕ, ಹಂಗಂದ್ಯಾ?"

"ತಮಾಷೆಗೆ ಕಣೆ. ಅಮ್ಮ ಹೇಳ್ತಿರ್ಲಿಲ್ವಾ, ಹಂಗೆ."

"ಗೊತ್ತು. ಅಮ್ಮನ ಮಾತು ಅಂತ ಓದಿದ ತಕ್ಷಣ ಗೊತ್ತಾಯ್ತು. ಅದ್ ಹೋಗ್ಲಿ. ಆ ಬಟ್ಟೆ ನಿಂದಲ್ವಾ? ನಾನು ನಿಮ್ಮನೆಗೆ ಬಂದಾಗ ಅದ್ರಲ್ಲೇ ಪಾತ್ರೆ ಒರ್ಸಿದೀನಿ. ನೀನು ಅಲ್ಲೇ ಇದ್ದೆ ಅಲ್ವಾ ಅಕ್ಕ? ಅವಳು ಬೆಳಗ್ಗೆ ಆಡಿದ್ದು ನೋಡ್ದ್ಯಾ?"

ನಾನು ಒಲೆಯ ಕಟ್ಟೆ ಒರೆಸತೊಡಗಿದೆ.

"ನೋಡು, ನಮ್ಮಲ್ಲೊಂದು ರೂಲ್ಸ್ ಇದೆ. ಆ ಕಡೆ ಫೋಟೋ ಇದೆ. ಈ ಕಡೆ ಬರೀ ಅಪ್ಪ ಮಗಳ ಮಾತು. ಮನೆಯೋರಲ್ದೆ ಇನ್ನೊಬ್ರು ಕಂಡೋರು ಹೆಸ್ರು ಕೊಟ್ಟು ಹೇಳ್ಬೇಕು. ಇಲ್ದಿದ್ರೆ ಸುದ್ದಿ ವಾಪಸ್ ತಗೋಬೇಕು. ನೀನು ನಮ್ ಎಡಿಟರಿಗೆ ಒಂದ್ಸಲ ಹೇಳು ಸಾಕು. ಕನ್ನಡದಲ್ಲೇ ಹೇಳು."

"ನಂಗೆ ಅದೆಲ್ಲ ಗೊತ್ತಿಲ್ಲ ಕಣೆ. ನಾನು ಅಡುಗೆ ಮಾಡೋಕೆ ಹೋದೋಳು. ನಿನ್ ಜಗಳಕ್ಕೆ ನನ್ನ ಎಳೀಬೇಡ."

"ನೋಡಿಲ್ವಾ, ಇಲ್ಲಾ ಹೇಳಲ್ವಾ? ಅಷ್ಟು ಹೇಳು."

"ನೋಡಿಲ್ಲ" ಎಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಒಲೆಯ ಮೇಲಿಟ್ಟಿದ್ದೇನೆ ಎಂದು ಫೋನ್ ಇಟ್ಟೆ.

ಸುದ್ದಿಯನ್ನು ತೆಗೆದುಹಾಕಿದರು. ಆ ಜಾಗದಲ್ಲಿ ತಾಣದವರು ಸಂಘದ ಕ್ಷಮೆ ಕೇಳಿದ ನಾಲ್ಕು ಸಾಲು ಬಂತು. ಒಂದು ವಾರದ ನಂತರ ತಂಗಿಯ ಹೆಸರು ಮತ್ತೆ ಕಾಣಿಸಿತು, ಹೊಸದಾಗಿ ತೆರೆದ ಒಂದು ದೋಸೆ ಹೋಟೆಲಿನ ಬಗ್ಗೆ. ಆಮೇಲೆ ಶಾಲಾ ರಜೆಗೆ ಎಲ್ಲಿಗೆ ಹೋಗಬಹುದು ಎಂಬುದರ ಬಗ್ಗೆ. ಆಮೇಲೆ ಹೆಸರೇ ಕಾಣಿಸಲಿಲ್ಲ.

ನಾನು ಬಯಸಿದ್ದು ಇದನ್ನೇ ಎಂದು ನನಗೆ ನಿಧಾನವಾಗಿ ಅರ್ಥವಾಯಿತು. ಬೆಳಗ್ಗೆ ಎದ್ದು ಹೆಸರು ಹಾಕುತ್ತಿದ್ದೆ. ಹಳೆಯದೇ ಬರುತ್ತಿತ್ತು. ಫೋನಿನ ಹೆಂಗಸು ಓದಲು ಏನೂ ಇಲ್ಲದೆ ಸುಮ್ಮನಿರುತ್ತಿದ್ದಳು. ಕಾಫಿ ಕುಡಿದು ಡಬ್ಬಿ ತುಂಬುತ್ತಿದ್ದೆ. ಹುಳಿಗೆ ಉಪ್ಪು ಹೆಚ್ಚಾಗಿದೆ ಎಂದು ಬೆಲ್ವ್ಯೂ ಹುಡುಗರು ಮೆಸೇಜ್ ಮಾಡುತ್ತಿದ್ದರು. ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನದ ಬದಲು ಪ್ರತಿ ವರ್ಷ ಫೋನಿನಲ್ಲೇ ಹರಸುತ್ತಿದ್ದೆ. ಆ ವರ್ಷ ಫೋನನ್ನು ಕೈಗೆತ್ತಿಕೊಂಡು ಇಟ್ಟೆ. ಅವಳೂ ಮಾಡಲಿಲ್ಲ.

ನನ್ನ ಮಗಳು ಯೂನಿವರ್ಸಿಟಿಯಲ್ಲಿ ಓದುತ್ತಾಳೆ, ಅಲ್ಲೇ ರೂಮು. ಭಾನುವಾರ ಅವಳಿಗೆ ಚಪಾತಿ ಪಲ್ಯ ಕೊಟ್ಟು ಬರುತ್ತೇನೆ. ಚಿಕ್ಕಮ್ಮನ ಜೊತೆ ಅವಳಿಗೆ ದಿನಾ ಮೆಸೇಜ್ ನಡೆಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಡಬ್ಬಿ ತೆಗೆದುಕೊಂಡವಳು ತೆರೆಯದೆ ಮೇಜಿನ ಮೇಲಿಟ್ಟು ಕೇಳಿದಳು, "ಅಮ್ಮಾ, ಯೂ ಸಾ ದಟ್ ಗರ್ಲ್ ಪ್ಲೇ, ರೈಟ್?"

"ಯಾರು ಹೇಳಿದ್ದು ನಿಂಗೆ?"

"ಯೂ ಡಿಡ್. ಆ ದಿನ ಮನೆಗೆ ಬಂದು ನೀನೇ ಹೇಳ್ದೆ, ಪಾಪ, ಕಾಲು ಚೆನ್ನಾಗೇ ಇತ್ತು ಅಂತ."

ಮಗಳು ನನ್ನ ಹತ್ತಿರ ಕನ್ನಡದಲ್ಲಿ ಒಂದು ಇಡೀ ಮಾತು ಆಡಿ ಎಷ್ಟೋ ಕಾಲವಾಗಿತ್ತು. ನಾನು ಹೇಳಿದ್ದು ನಿಜವೇ. ಬೇಸಿಗೆ ರಜೆಗೆ ಮನೆಗೆ ಬಂದಿದ್ದ ಅವಳಿಗೆ ಅವತ್ತು ಸಂಜೆ ಪಾತ್ರೆ ತೊಳೆಯುತ್ತಾ ಹೇಳಿದ್ದೆ, ಮರೆತಿದ್ದೆ. ಆ ಹುಡುಗಿಯನ್ನು ತರಬೇತಿ ಕೇಂದ್ರಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಮಗಳು ಹೇಳಿದಳು. ಗಾಯದ ಆಟಗಾರ್ತಿ ಎಂದು ಕಾಗದದಲ್ಲಿ ಬಂದುಬಿಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲವಂತೆ. ಅವಳ ಅಪ್ಪ ಬಿಡದೆ ಅಲೆದಾಡಿದ್ದರಿಂದ ಈಗ ಸರ್ಕಾರದ ಕ್ರೀಡಾ ಮಂಡಳಿಯವರು ಮೂವರ ವಿಚಾರಣೆ ಸಮಿತಿ ಮಾಡಿದ್ದಾರೆ, ಚಿಕ್ಕಮ್ಮನನ್ನೂ ಕರೆದಿದ್ದಾರೆ. ಅಲ್ಲಿಯೂ ಸುಳ್ಳಿ ಎನ್ನಿಸಿಕೊಂಡರೆ ಅವಳಿಗೆ ಆ ಊರಿನ ಯಾವ ಪತ್ರಿಕೆಯಲ್ಲೂ ಕೆಲಸ ಸಿಗುವುದಿಲ್ಲ.

"ನನ್ನ ಯಾಕೆ ಕೇಳ್ಲಿಲ್ಲ ಅವಳು?"

"ಶೀ ಆಸ್ಕ್ಡ್ ಯೂ ಒನ್ಸ್" ಎಂದಳು ಮಗಳು.

ರೈಲಿನಲ್ಲಿ ವಾಪಸ್ ಬರುವಾಗ ಎದುರು ಸೀಟಿನಲ್ಲಿ ಇಬ್ಬರು, ಅಕ್ಕ ತಂಗಿಯರಿರಬೇಕು, ಒಂದೇ ಪೊಟ್ಟಣದಿಂದ ಚಿಪ್ಸ್ ತಿನ್ನುತ್ತಾ ಕಿತ್ತಾಡುತ್ತಿದ್ದರು. ಅವರನ್ನು ನೋಡುತ್ತಾ ನನ್ನ ಹೊಟ್ಟೆಕಿಚ್ಚು ಎಲ್ಲಿ ಶುರುವಾಯಿತು ಎಂದು ಹುಡುಕಿದೆ. ಪ್ರಬಂಧದ ಬಹುಮಾನವೇ, ಮೈಸೂರಿನ ಕಾಲೇಜೇ? ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಅವಳು ನನ್ನ ಹತ್ತಿರ ಒಂದು ದಿನವೂ ದೊಡ್ಡವಳ ಹಾಗೆ ನಡೆದುಕೊಂಡಿರಲಿಲ್ಲ. ಹೀಯಾಳಿಸಿದ್ದರೆ, ಇಂಗ್ಲಿಷಿನಲ್ಲಿ ಮಾತಾಡಿ ಮೆರೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬರೆದದ್ದನ್ನೆಲ್ಲ ಮೊದಲು ನನಗೆ ಹೇಳುತ್ತಿದ್ದಳು. ನಿಂಗೆ ಅರ್ಥವಾದರೆ ಓದುವವರಿಗೂ ಅರ್ಥವಾಗುತ್ತೆ ಅಕ್ಕ ಎನ್ನುತ್ತಿದ್ದಳು. ಅದನ್ನೂ ನಾನು ಅವಮಾನವೆಂದೇ ತೆಗೆದುಕೊಂಡಿದ್ದೆ.

ಮನೆಗೆ ಬಂದು ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅವಳ ಗಂಡನಿಗೆ ಮಾಡಿದೆ. "ಸೊಲ್ಲುಂಗ ಅಕ್ಕಾ", ಹೇಳಿ ಅಕ್ಕಾ ಎಂದರು, ತುಂಬಾ ಮರ್ಯಾದೆಯಾಗಿ. ಸಮಿತಿಯ ಮುಂದೆ ನಾನು ಮಾತಾಡುತ್ತೇನೆ ಎಂದೆ. ಅವರು ಫೋನನ್ನು ಯಾರಿಗೋ ಕೊಟ್ಟದ್ದು ಗೊತ್ತಾಯಿತು. ಉಸಿರು ಕೇಳಿಸಿತು.

"ಈಗ ಯಾಕಕ್ಕ?" ಎಂದಳು ತಂಗಿ.

"ಹೇಳ್ತೀನಿ. ಎಲ್ಲಾನೂ ಅಲ್ಲೇ ಹೇಳ್ತೀನಿ."

"ಹೇಳಿದ್ರೆ ಪೂರ್ತಿ ಹೇಳ್ಬೇಕಾಗುತ್ತೆ. ಮೊದ್ಲು ಯಾಕೆ ಸುಮ್ನಿದ್ರಿ ಅಂತ ಕೇಳ್ತಾರೆ."

"ಗೊತ್ತು."

"ಸರಿ" ಎಂದು ಫೋನ್ ಇಟ್ಟಳು.

ಸಮಿತಿಯವರು ವಿಡಿಯೋದಲ್ಲಿ ಕೇಳಲು ಒಪ್ಪಿದರು. ಅವರಿಗೆ ಬೆಳಗ್ಗೆ, ನಮಗೆ ಹಿಂದಿನ ದಿನದ ಸಂಜೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಗಳು ನನ್ನ ಪಕ್ಕ ಕೂತಳು. ನಾನು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿಗೆ ತಿರುಗಿಸುವುದು ಎಂದಾಗಿತ್ತು. ಪರದೆಯಲ್ಲಿ ಮೂವರು ಸಾಲಾಗಿ ಕೂತಿದ್ದರು. ಒಂದು ಪಕ್ಕದಲ್ಲಿ ಬಿಳಿ ಅಂಗಿಯ ಮ್ಯಾನೇಜರ್. ಅವರು ನನಗೆ ಕೈ ಮುಗಿದರು, ಅಭ್ಯಾಸಬಲದಿಂದ ನಾನೂ ಮುಗಿದೆ. ಇನ್ನೊಂದು ಪಕ್ಕದಲ್ಲಿ ಹುಡುಗಿಯ ಅಪ್ಪ, ಅವನ ಹಿಂದೆ ನನ್ನ ತಂಗಿ. ಸಣ್ಣಗಾಗಿದ್ದಳು. ಕ್ಯಾಮೆರಾ ಕಡೆ ನೋಡಲಿಲ್ಲ.

ಕಂಡದ್ದನ್ನು ಹೇಳಿದೆ. ಹುಡುಗಿ ಆಡಿದ್ದು, ನನ್ನ ಹತ್ತಿರ ಐಸು ಕೇಳಿದ್ದು, ಫೋಟೋ ತೆಗೆದಾದ ಕೂಡಲೇ ಬಟ್ಟೆ ವಾಪಸ್ ಬಂದದ್ದು, ಹುಡುಗಿ ಬಂದು ಕಾಲು ಚೆನ್ನಾಗಿದೆ ಎಂದದ್ದು. ಮಗಳು ಒಂದೊಂದನ್ನೇ ಹೇಳುತ್ತಾ ಹೋದಳು. ಮ್ಯಾನೇಜರ್ ಕೈ ಎತ್ತಿ ಏನೋ ಹೇಳಿದರು. ಮಗಳ ಮುಖ ಕೆಂಪಾಯಿತು.

"ಏನಂತೆ?"

"ಹೀ ಸೇಸ್, ತಂಗಿ ಕತೆ ಕಟ್ತಾಳೆ ಅಂದಿದ್ದು ನೀನೇ. ಈಗ ಅಕ್ಕನೂ ಕಟ್ತಿದಾಳೆ ಅಂತ."

ಮೂವರಲ್ಲಿ ನಡುವೆ ಕೂತಿದ್ದ ಹಿರಿಯ ಹೆಂಗಸು ನನ್ನನ್ನು ಕೇಳಿದರು. ನೀವು ಹಾಗೆ ಹೇಳಿದ್ದು ನಿಜವೇ? ನಿಜವಾದರೆ ಯಾಕೆ ಹೇಳಿದಿರಿ? ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?

ದೃಷ್ಟಿಯ ಮಾತು, ಅಮ್ಮನ ಮಾತು, ತಮಾಷೆ, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಅವುಗಳಲ್ಲಿ ಯಾವುದನ್ನು ಹೇಳಿದ್ದರೂ ಅವರು ನಂಬುತ್ತಿದ್ದರೋ ಏನೋ. ಪರದೆಯಲ್ಲಿ ತಂಗಿ ಆಗ ಮೊದಲ ಸಲ ತಲೆ ಎತ್ತಿದಳು.

"ಹೇಳಿದ್ದು ನಿಜ" ಎಂದೆ. "ಅವಳು ಬರೆಯೋದು ಸುಳ್ಳು ಅನ್ನಿಸಿ ಹೇಳ್ಲಿಲ್ಲ ನಾನು. ಅವಳ ಬರಹಕ್ಕೆ ಬೆಲೆ ಇದೆಯಲ್ಲ, ಅದನ್ನ ನೋಡೋಕಾಗ್ದೆ ಹೇಳ್ದೆ. ಆಮೇಲೆ ಸುಮ್ನಿದ್ದಿದ್ದೂ ಅದಕ್ಕೇ. ಅವಳು ಕೆಳಗೆ ಬೀಳ್ಲಿ ಅಂತ."

ಮಗಳು ಮೇಜಿನ ಕೆಳಗೆ ನನ್ನ ಕೈ ಹಿಡಿದು ಮೆಲ್ಲಗೆ, "ಅಮ್ಮಾ, ಡು ಐ ಸೇ ದಟ್?" ಎಂದು ಕೇಳಿದಳು.

"ಹೇಳು. ಒಂದು ಅಕ್ಷರಾನೂ ಬಿಡ್ಬೇಡ."

ಅವಳು ಹೇಳಿ ಮುಗಿಸುವವರೆಗೆ ನಾನು ತಂಗಿಯ ಮುಖವನ್ನೇ ನೋಡುತ್ತಿದ್ದೆ. ಅವಳಿಗೆ ಇಂಗ್ಲಿಷ್ ಬೇಕಿರಲಿಲ್ಲ. ಆಮೇಲೆ ಸಮಿತಿಯವರನ್ನೂ ಮ್ಯಾನೇಜರನ್ನೂ ಬಿಟ್ಟು ಅವಳೊಬ್ಬಳಿಗೇ ಹೇಳಿದೆ.

"ತಪ್ಪಾಯ್ತು ಕಣೆ. ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ನೀನು ಕೇಳಿದ ದಿನಾನೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ನಿಂಗೂ ಆ ಮಗೂಗೂ ನಾನು ಮಾಡಿದ್ದು ತಪ್ಪು. ನನ್ನ ಕ್ಷಮ್ಸು."